ಇದರಲ್ಲೇನು ಹೊಸದು?

ಮೂವತ್ತನಾಲ್ಕು ವರ್ಷಗಳ ಕಾಲ ಹುಡುಗರಿಗೆ ಸಂಸ್ಕೃತವನ್ನು ಹೇಳಿಕೊಟ್ಟು ಹೋದ ವರ್ಷ ನಿವೃತ್ತನಾದ ನನಗೂ ರಸಾಯನದ ಕಾರ್ಖಾನೆಗೂ ಏನು ನಂಟು ಎಂದು ವಾಚಕರು ಕೇಳಿಯಾರು. ನಂಟೇನೂ ಇರಲಿಲ್ಲ. ಕಳೆದ ಮಾಘಮಾಸದಲ್ಲಿ ನನ್ನ ತಂಗಿಯ ಮಗನು ಕಾಗದದ ಕಟ್ಟೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದು ಅದನ್ನು ಉಂಟುಮಾಡಿದನು. ಆ ಕಟ್ಟು ನನ್ನ ಮೇಜಿನ ಮೇಲಿದ್ದ ಮೂರು ವಾರಗಳಲ್ಲಿ ನಾನು ಪಟ್ಟ ಸಂತೋಷವನ್ನೂ, ಅದರ ಬೆನ್ನಿಗೇ ಪಟ್ಟ ನಾಚಿಕೆಯನ್ನೂ ಹೇಳಿಕೊಳ್ಳಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆನು.

ಹುಡುಗನು ರಸಾಯನಶಾಸ್ತ್ರವನ್ನು ಓದಿ, ಬೂದಿಯಿಂದ ಕ್ಷಾರವನ್ನು ತೆಗೆಯುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿರುವನು. ಆ ಕಸುಬಿನ ಕ್ರಮವನ್ನು ಮೊದಲು ಹೇಳಿಬಿಡುವೆನು. ಬಾಳೆಯ ದಿಂಡು, ಅಡಕೆಯ ಸಿಪ್ಪೆ ಮೊದಲಾದುವನ್ನು ಸುಟ್ಟ ಬೂದಿಯನ್ನು ನೀರಿನಲ್ಲಿ ಕದಡಿ ಸೋಸಿದರೆ ಬರುವ ತಿಳಿಯು ಸೌಮ್ಯವಾದ ಕ್ಷಾರ. ನಮ್ಮ ಅಜ್ಜಿಯರು ಬಟ್ಟೆಯ ಕೊಳೆಯನ್ನು ತೆಗೆಯುವುದಕ್ಕೆ ಉಪಯೋಗಿಸುತ್ತಿದ್ದ ಬೂದಿನೀರು ಇದೇ. ಇದಕ್ಕೆ ಸುಣ್ಣವನ್ನು ಬೆರಸಿದರೆ, ಕ್ಷಾರದೊಳಗಿನ ಇಂಗಾಲಾಮ್ಲದ ಅಂಶವನ್ನು ಸುಣ್ಣವು ಸೆಳೆದುಕೊಂಡು ಬಿಳಿಯ ಗಸಿಯಾಗಿ ಕೆಳಗಿಳಿಯುವುದು. ಮೇಲೆ ನಿಲ್ಲುವ ತಿಳಿಯು ಚರ್ಮವನ್ನು ಸುಡುವಷ್ಟು ತೀಕ್ಷ್ಣವಾಗುವುದು. ಸಾಬೂನು ಮಾಡುವವರಿಗೆ ಬೇಕಾದುದು ಈ ತೀಕ್ಷ್ಣಕ್ಷಾರವೇ. ಕಷ್ಟವೇನೆಂದರೆ ಆ ಗಸಿಯು ಬಲು ನವಿರು. ಅದು ತಳವನ್ನು ಸೇರುವುದಕ್ಕೆ ಇಡೀ ದಿನ ಹಿಡಿಯುವುದು. ಸೋಸಹೋದರೆ ಬಟ್ಟೆಯ ಕಣ್ಣುಗಳನ್ನೆಲ್ಲಾ ಮುಚ್ಚಿಬಿಡುವುದು.

ಹೀಗಿರುವಲ್ಲಿ ಬೇರೊಂದು ಕಂಪೆನಿಯವರು ಒಂದು ಹೊಸ ವಿಧಾನಕ್ಕೆ ಪೇಟೆಂಟು ಬೇಡಿ ಅರ್ಜಿ ಹಾಕಿರುವರು. ಹಿಂದಿನ ಸಲದ ಗಸಿಯಲ್ಲಿ ಸ್ವಲ್ಪವನ್ನು ಎತ್ತಿಟ್ಟುಕೊಂಡು, ಮುಂದಿನ ಸಲ ಸುಣ್ಣ ಹಾಕುವುದಕ್ಕೆ ಮುಂಚೆ ಅದನ್ನು ಬೂದಿನೀರಿನಲ್ಲಿ ಬೀಜದಂತೆ ಉದುರಿಸಬೇಕಂತೆ. ಹೊಸದಾಗಿ ಹುಟ್ಟುವ ಗಸಿಯು ಆ ಹಳೆಯ ಕಣಗಳ ಮೇಲೆಯೇ ಬೆಳೆದು, ದಪ್ಪನಾಗಿ, ಬೇಗನೆ ತಳ ಸೇರುವುದಂತೆ. ಇಷ್ಟೇ ಅವರ ಹಕ್ಕೊತ್ತಾಯದ ತಿರುಳು. ಇದಕ್ಕೆ ಪೇಟೆಂಟು ದೊರೆತರೆ, ಅರ್ಜಿಯ ತಾರೀಖಿನಿಂದ 20 ವರ್ಷಗಳ ತನಕ ಅವರ ಅಪ್ಪಣೆಯಿಲ್ಲದೆ ಮತ್ತಾರೂ ಈ ಕ್ರಮವನ್ನು ಅನುಸರಿಸಕೂಡದು. ನಮ್ಮ ಹುಡುಗನ ಕಾರ್ಖಾನೆಯು ಸಣ್ಣದು. ಎದುರಾಳಿಯು ಒಂದು ದಿನದ ಕೆಲಸವನ್ನು ಒಂದು ಹೊತ್ತಿನಲ್ಲಿ ಮುಗಿಸಹತ್ತಿದರೆ ಅದು ಬಾಗಿಲು ಹಾಕಬೇಕಾದೀತು.

“ಮಾವ, ಇದರಲ್ಲೇನು ಹೊಸದು, ನೀವೇ ಹೇಳಿ. ಸುಶ್ರುತದಲ್ಲಿ ಕ್ಷಾರ ಮಾಡುವ ಕ್ರಮ ಇದೆಯಂತೆ. ಅಲ್ಲಿ ಎಲ್ಲಾದರೂ ಈ ಮಾತು ಸಿಕ್ಕಿದರೆ ಅವರ ಅರ್ಜಿ ಬಿದ್ದಹಾಗೆಯೇ. ಅರಿಸಿನದ ವಿಷಯದಲ್ಲಿ ಆದದ್ದು ನಿಮಗೆ ಗೊತ್ತಲ್ಲ” ಎಂದನು.

ಅರಿಸಿನದ ವಿಷಯವು ನನಗೆ ಗೊತ್ತಿತ್ತು. ಗಾಯವನ್ನು ಮಾಯಿಸುವುದಕ್ಕೆ ಅರಿಸಿನವನ್ನು ಬಳಸುವ ಕ್ರಮದ ಮೇಲೆ ಅಮೆರಿಕ ದೇಶದಲ್ಲಿ 1995ರಲ್ಲಿ ಪೇಟೆಂಟು ಕೊಟ್ಟಿದ್ದರು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಲಿಯವರು ಮರುವರ್ಷ ಅದನ್ನು ಪ್ರಶ್ನಿಸಿ, ಸಂಸ್ಕೃತವೇ ಮೊದಲಾದ ಭಾಷೆಗಳ ಹಳೆಯ ಬರಹಗಳನ್ನು ಮುಂದಿಟ್ಟರು. 1997ರಲ್ಲಿ ಆ ಹಕ್ಕುಗಳು ರದ್ದಾದುವು. ಬೆರಳು ಕೊಯ್ದುಕೊಂಡ ಮಗುವಿಗೆ ಅರಿಸಿನ ಹಚ್ಚದ ತಾಯಿ ನಮ್ಮಲ್ಲಿ ಯಾರಿರುವರು? ಅದು ಇದ್ದದ್ದನ್ನೇ ಹೊಸದೆಂದು ಬರೆದುಕೊಂಡದ್ದು. ನೈಯಾಯಿಕರು ಸಿದ್ಧಸಾಧನವೆಂದು ಕರೆಯುವ ದೋಷ. ಅಂಥದೇ ಇನ್ನೊಂದು ಕೀರ್ತಿಯಲ್ಲಿ ನನ್ನ ಪಾಲೂ ಸೇರಬಹುದೆಂದು ಮುದಿಮನಸ್ಸು ಹಿಗ್ಗಿತೆಂದು ಒಪ್ಪಿಕೊಳ್ಳುವೆನು. ಶಾಲೆಯಲ್ಲಿ ಇಷ್ಟು ವರ್ಷವೂ, “ಸಂಸ್ಕೃತ ಓದಿ ಏನಾಗಬೇಕು ಸಾರ್?” ಎಂಬ ಪ್ರಶ್ನೆಗೆ ಉತ್ತರ ಹೇಳಿ ಸಾಕಾಗಿದ್ದವನಲ್ಲವೆ?

ಕಟ್ಟಿನೊಳಗೆ 1970ರ ಪೇಟೆಂಟು ಕಾಯಿದೆಯ ಪ್ರತಿಯೂ ಇದ್ದಿತು. ವಕೀಲರ ಭಾಷೆಯೆಂದರೆ ನನಗೆ ತಲೆನೋವು. ಆದರೂ ಸೂತ್ರಗ್ರಂಥವನ್ನು ಓದುವಂತೆ ಪದಪದವಾಗಿ ಬಿಡಿಸಿ ಓದಿದೆನು. ವಸ್ತುವು ಹೊಸದಾಗಿದ್ದರೆ ಮಾತ್ರವೇ ಸಾಲದು. ಆ ಕಸುಬಿನಲ್ಲಿ ನುರಿತವನಿಗೆ ಅದು ಸಹಜವಾಗಿ ತೋರುವಂತಹುದೂ ಆಗಿರಕೂಡದು ಎಂಬುದು ಅದರ ಅಭಿಪ್ರಾಯ. ಈ ‘ನುರಿತವನು’ ಎಂಬ ಕಲ್ಪಿತ ಪುರುಷನು ನನಗೆ ಬಹಳ ಹಿಡಿಸಿದನು. ನಮ್ಮ ಶಾಸ್ತ್ರಗ್ರಂಥಗಳ ಮೊದಲಿನಲ್ಲಿ, ಇದನ್ನು ಓದುವುದಕ್ಕೆ ಯಾರು ಅಧಿಕಾರಿ ಎಂದು ನಿರ್ಣಯಿಸುವರಷ್ಟೆ. ಅಂತಹ ಅಧಿಕಾರಿಯೇ ಇವನು. ದಡ್ಡನಲ್ಲ, ಆದರೆ ಪ್ರತಿಭಾಶಾಲಿಯೂ ಅಲ್ಲ. ತನ್ನ ಕಸುಬಿನಲ್ಲಿ ಅದುವರೆಗೆ ಪ್ರಕಟವಾದುದೆಲ್ಲವನ್ನೂ ಬಲ್ಲನು. ಮುಂದೆ ಬರಲಿರುವುದನ್ನು ಅರಿಯನು. ಅವನ ಕಣ್ಣಿನಿಂದ ನೋಡಿ, ಅರ್ಜಿಯ ದಿನದಂದು ನಿಂತು ಹೇಳಬೇಕು: ಇದು ಹೊಳೆಯುತ್ತಿತ್ತೆ, ಇಲ್ಲವೆ?

ಇದಕ್ಕೆ ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣವೆಂದು ಎತ್ತಿ ಹೇಳುವುದು ಮಿರ್ಜಾಪುರದ ಪಾತ್ರೆಗಳ ವ್ಯಾಜ್ಯವನ್ನು. ಲೋಹದ ಪಾತ್ರೆಯನ್ನು ಚರಕಿಯಂತ್ರಕ್ಕೆ ಸಿಕ್ಕಿಸಿ ಹಿಡಿಯುವ ಒಂದು ರೀತಿಗೆ 1951ರ ಪೇಟೆಂಟು ಇದ್ದಿತು. 1978ರ ಡಿಸೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಕಮ್ಮಟದಲ್ಲಿ ದಿನವೂ ಕೆಲಸ ಮಾಡುವವನು ಮಾಡಿಕೊಳ್ಳುವ ಸಣ್ಣ ಸುಧಾರಣೆಗಿಂತ ಹೆಚ್ಚಿನದೊಂದು ಅದರಲ್ಲಿ ಇರಬೇಕಾಗಿತ್ತು ಎಂಬುದೇ ತೀರ್ಪಿನ ಭಾವ. ಪಾತ್ರೆಯ ಮಾತು ನಮ್ಮಂತಹ ಗೃಹಸ್ಥರಿಗೂ ತಿಳಿಯುವುದು. ರಸಾಯನದ ವಿಧಾನದಲ್ಲಿ ಹಾಗಲ್ಲ. ಅಲ್ಲಿ ಎರಡು ದ್ರವ್ಯಗಳು ಕೂಡಿದರೆ ಏನಾಗುವುದೆಂಬುದನ್ನು ಕಾಗದದ ಮೇಲೆ ಬರೆದುಬಿಡಬಹುದು. ಕೊಳಗದಲ್ಲಿ ಅದೇ ಆಗುವುದೆಂಬ ಭರವಸೆಯಿಲ್ಲ.

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಹನ್ನೊಂದನೆಯ ಅಧ್ಯಾಯವು ಕ್ಷಾರಪಾಕವನ್ನು ಹೇಳುವುದು. ವ್ರಣಗಳನ್ನು ಸುಡುವುದಕ್ಕೆ ಶಸ್ತ್ರವೈದ್ಯರಿಗೆ ಬೇಕಾಗಿದ್ದ ಕ್ಷಾರವದು. ಮುಷ್ಕಕವೇ ಮೊದಲಾದ ಮರಗಳನ್ನು ಸುಟ್ಟ ಬೂದಿಯನ್ನು ಆರರಷ್ಟು ನೀರಿನಲ್ಲಿ ಕದಡಿ, ಇಪ್ಪತ್ತೊಂದು ಸಲ ಸೋಸಿ, ದೊಡ್ಡ ಬಾಣಲೆಯಲ್ಲಿ ಸೌಟಿನಿಂದ ಮೆಲ್ಲನೆ ತಿರುವುತ್ತಾ ಕುದಿಸಬೇಕು. ಅದು ತಿಳಿಯಾಗಿ, ಕೆಂಪಾಗಿ, ತೀಕ್ಷ್ಣವಾಗಿ, ಜಾರುವಂತಾದಾಗ ದೊಡ್ಡ ಬಟ್ಟೆಯಲ್ಲಿ ಸೋಸಿ ಗಸಿಯನ್ನು ಬೇರ್ಪಡಿಸಬೇಕು. ಮತ್ತೆ ಒಲೆಗೇರಿಸಿ, ಅದರಿಂದ ಸ್ವಲ್ಪ ಕ್ಷಾರೋದಕವನ್ನು ಹೊರತೆಗೆದು, ಬೆಂಕಿಯಂತೆ ಕೆಂಪಗೆ ಕಾಯಿಸಿದ ಸುಣ್ಣದ ಕಲ್ಲು, ಶಂಖ, ಚಿಪ್ಪುಗಳನ್ನು ಅದರಲ್ಲಿ ಅದ್ದಿ, ಅದರಲ್ಲೇ ಅರೆದು, ಹಿಂದಕ್ಕೆ ಬಾಣಲೆಗೆ ಸೇರಿಸಬೇಕು. ಆದದ್ದನ್ನು ಕಬ್ಬಿಣದ ಕೊಡದಲ್ಲಿ ಬಾಯಿ ಮುಚ್ಚಿ ಇಡಬೇಕು. ಸುಣ್ಣ ಸೇರಿದ ಕ್ಷಾರಕ್ಕೂ ಸೇರದ ಮೃದುಕ್ಷಾರಕ್ಕೂ ಇರುವ ಭೇದವನ್ನು ಗ್ರಂಥವು ಬಲ್ಲುದು. ಆಚಾರ್ಯ ಪ್ರಫುಲ್ಲಚಂದ್ರ ರಾಯರು 1902ರಲ್ಲಿ ಅಚ್ಚಾದ ತಮ್ಮ ಹಿಂದೂ ರಸಾಯನದ ಇತಿಹಾಸದಲ್ಲಿ ಈ ಕ್ರಮವನ್ನು ಮನಸಾರೆ ಮೆಚ್ಚಿರುವರು. ಸುಣ್ಣವು ಕ್ಷಾರವನ್ನು ಏಕೆ ತೀಕ್ಷ್ಣಗೊಳಿಸುವುದೆಂಬ ಕಾರಣವನ್ನು ಐರೋಪ್ಯರಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ಪಂಡಿತನು ತೋರಿಸಿಕೊಟ್ಟದ್ದು 1756ರಲ್ಲಿ.

ಈ ಅಧ್ಯಾಯವನ್ನು ನಾನು ಮೊದಲೂ ಓದಿದ್ದೆನು. ಈ ಸಲ ಓದುವಾಗ ಒಂದು ಶಬ್ದವು ಬೆಳಗಿದಂತಾಯಿತು: ಪ್ರತಿವಾಪ. ವೈದ್ಯಗ್ರಂಥಗಳಲ್ಲಿ ಅದಕ್ಕೆ ಪಾಕದಲ್ಲಿ ಮೇಲಿನಿಂದ ಸೇರಿಸುವ ದ್ರವ್ಯವೆಂದರ್ಥ. ಆದರೆ ಧಾತುವು ಯಾವುದು? ‘ವಪ್’, ಬಿತ್ತು ಎಂದು. ‘ಪ್ರತಿ’ ಎಂದರೆ ಮರಳಿ ಎಂದೂ ಆಗುವುದು. ಮರಳಿ ಬಿತ್ತುವುದು! ಕಂಪೆನಿಯವರ ಅರ್ಜಿಯಲ್ಲಿಯೂ ಇರುವುದು ‘ಬೀಜ’ವೆಂಬ ಮಾತೇ. ಜೊತೆಗೆ, ಬಾಣಲೆಯಿಂದ ಸ್ವಲ್ಪವನ್ನು ಹೊರತೆಗೆದು ಹಿಂದಕ್ಕೆ ಸೇರಿಸುವ ವಿಧಿಯೂ ಗ್ರಂಥದಲ್ಲಿ ಇದ್ದೇ ಇದೆ. ಇನ್ನೇನು ಬೇಕು? ಅಂದು ರಾತ್ರಿ ಹನ್ನೊಂದರವರೆಗೆ ಕುಳಿತು ನಾಲ್ಕು ಪುಟಗಳ ವ್ಯಾಖ್ಯಾನವನ್ನು ಬರೆದೆನು. ಅಷ್ಟು ಚೆನ್ನಾಗಿ ನಾನು ಬರೆದು ಬಹುಕಾಲವಾಗಿತ್ತು.

ಮರುದಿನ ಕಾಫಿಯ ಹೊತ್ತಿನಲ್ಲಿ ನನ್ನಾಕೆಗೆ ಅದನ್ನು ಓದಿ ಹೇಳಿದೆನು. ಆಕೆಯು ಪ್ರತಿವಾಪದ ಮಾತನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. “ಅದಕ್ಕೆ ಇಷ್ಟೆಲ್ಲಾ ಏಕೆ? ನಿನ್ನೆಯ ಮೊಸರನ್ನು ಇವತ್ತಿನ ಹಾಲಿಗೆ ಹೆಪ್ಪು ಹಾಕುವುದಿಲ್ಲವೆ, ಹಾಗೆಯೇ ಅಲ್ಲವೆ?” ಎಂದು ಎದ್ದುಹೋದಳು. ನಾನು ನಕ್ಕೆನು. ಹೆಪ್ಪಿನಲ್ಲಿ ಇರುವುದು ಸಜೀವವಾದ ವಸ್ತು, ಗಸಿಯು ಜಡ, ಎರಡರ ಕಾರಣಗಳೂ ಬೇರೆ ಎಂದು ಅಡಿಗೆಮನೆಯ ಬಾಗಿಲಿಗೆ ಹೋಗಿ ಹೇಳಿ ಬಂದೆನು. ಆದರೆ ಮಾತು ಮನಸ್ಸಿನಲ್ಲಿ ಕುಳಿತಿತು. ಹೆಪ್ಪು ಹಾಕುವ ಹೆಂಗಸರು ಎಷ್ಟು ಕಾಲದಿಂದ ಇಲ್ಲ? ಕಾರ್ಖಾನೆಯಲ್ಲಿ ಕೆಲಸ ಮಾಡುವ ಗಂಡಸರಲ್ಲಿ ಮೊಸರನ್ನ ಉಣ್ಣದವರು ಯಾರು? ಹಾಗಿದ್ದೂ ಇಷ್ಟು ವರ್ಷ ಗಸಿಯು ಇಳಿಯುವುದನ್ನು ನೋಡುತ್ತಾ ಕೈಕಟ್ಟಿ ಕುಳಿತಿದ್ದರಲ್ಲ!

ಹುಡುಗನ ಕಟ್ಟಿನಲ್ಲಿ ಜರ್ಮನಿಯ ಅಮೋನಿಯಾದ ವ್ಯಾಜ್ಯದ ವೃತ್ತಾಂತವೂ ಇದ್ದಿತು. ಅದನ್ನು ಅವನು ತನ್ನ ಪಕ್ಷಕ್ಕೆ ಅನುಕೂಲವೆಂದು ಇಟ್ಟಿದ್ದನೋ, ಸುಮ್ಮನೆ ಸೇರಿಹೋಗಿತ್ತೋ ಕಾಣೆನು. ಆ ಸಂಗತಿ ಹೀಗೆ. ಗಾಳಿಯಲ್ಲಿರುವ ಸಾರಜನಕವನ್ನು ಜಲಜನಕದೊಡನೆ ಕೂಡಿಸಿ ಅಮೋನಿಯಾ ಮಾಡಿದರೆ ಹೊಲಗಳಿಗೆ ಗೊಬ್ಬರವಾದೀತೆಂಬುದನ್ನು ಪಂಡಿತರೆಲ್ಲರೂ ಬಲ್ಲವರಾಗಿದ್ದರು. ಒಂದು ಪಾಲು ಸಾರಜನಕವೂ ಮೂರು ಪಾಲು ಜಲಜನಕವೂ ಕೂಡಿ ಎರಡೇ ಪಾಲು ಅಮೋನಿಯಾ ಆಗುವುದು. ನಾಲ್ಕು ಪಾಲು ಎರಡಾಗುವುದರಿಂದ, ಒತ್ತಿ ಹಿಡಿದರೆ ಕೂಡಿಕೆಯು ಹೆಚ್ಚಬೇಕು. ಈ ನಿಯಮವನ್ನು ಫ್ರಾನ್ಸಿನ ಲೆ ಶಾಟ್ಲಿಯೇ ಎಂಬ ವಿದ್ವಾಂಸನು 1884ರಲ್ಲಿಯೇ ಹೇಳಿದ್ದನು. ಅವನೇ 1901ರಲ್ಲಿ ಅಧಿಕ ಒತ್ತಡದಲ್ಲಿ ಇದನ್ನು ಮಾಡಹೋಗಿ, ಉಪಕರಣವು ಸಿಡಿದುಹೋಗಲು, ಕೈಬಿಟ್ಟನು. ಅನಂತರ ಫ್ರಿಟ್ಸ್ ಹಾಬರನು ಅಳೆದು ನೋಡಿದನು. ವಾಲ್ಟರ್ ನರ್ನ್ಸ್ಟ್ ಎಂಬ ಮಹಾಪಂಡಿತನು ತಾನೂ ಒತ್ತಡವನ್ನಿಟ್ಟು ಅಳೆದು, 1907ರಲ್ಲಿ ಹ್ಯಾಂಬರ್ಗಿನ ವಿದ್ವತ್ಸಭೆಯಲ್ಲಿ ಹಾಬರನ ಲೆಕ್ಕವು ತಪ್ಪೆಂದೂ, ನಿಜವಾದ ಫಲವು ಇನ್ನೂ ಕಡಮೆಯೆಂದೂ, ಈ ದಾರಿಯಲ್ಲಿ ಅಮೋನಿಯಾ ಮಾಡುವ ಆಸೆಗೆ ಅಷ್ಟಾಗಿ ಎಡೆಯಿಲ್ಲವೆಂದೂ ಎಲ್ಲರ ಮುಂದೆ ಹೇಳಿದನು. ಹಾಬರನಿಗೆ ಅದು ಬಹಳ ನೋವನ್ನುಂಟುಮಾಡಿತು.

ಆ ನೋವೇ ಅವನನ್ನು ಎಬ್ಬಿಸಿತೋ ಏನೋ. ಲೆ ರೋಸಿನ್ಯೋಲ್ ಎಂಬ ಕೈಚಳಕದ ಸಹಾಯಕನೊಡನೆ ಸೇರಿ, ಆಗಿನ ಕಾಲಕ್ಕೆ ಕೇಳರಿಯದಷ್ಟು ಒತ್ತಡವನ್ನು ತಡೆಯುವ ಸಣ್ಣ ಉಪಕರಣವನ್ನು ಕಟ್ಟಿ, ಕೂಡದೆ ಉಳಿದ ಅನಿಲವನ್ನು ಹೊರಬಿಡದೆ ಸುತ್ತಿ ಸುತ್ತಿ ತರುವ ಉಪಾಯವನ್ನು ಹೂಡಿ, 1909ರ ಜುಲೈ 2ರಂದು ಬಾಡಿಷೆ ಕಂಪೆನಿಯವರ ಕಣ್ಣೆದುರಿಗೆ ಅಮೋನಿಯಾವನ್ನು ತೊಟ್ಟು ತೊಟ್ಟಾಗಿ ಇಳಿಸಿ ತೋರಿಸಿದನು. ಒಮ್ಮೆ ತೊಟ್ಟಿಕ್ಕಿದ ಮೇಲೆ ಕೇಳಬೇಕೆ? ಎದುರಾಳಿಯಾದ ಹೆಕ್ಸ್ಟ್ ಕಂಪೆನಿಯವರು ಪೇಟೆಂಟನ್ನು ರದ್ದುಪಡಿಸಬೇಕೆಂದು ವ್ಯಾಜ್ಯ ಹೂಡಿದರು. ನರ್ನ್ಸ್ಟನು ಒತ್ತಡದಲ್ಲಿ ಇದನ್ನು ಮೊದಲೇ ಮಾಡಿರುವನು, ನಿಯಮವು ಮೊದಲೇ ಗೊತ್ತಿದ್ದುದು, ಇನ್ನು ಹಾಬರನು ಮಾಡಿದ್ದೇನು ಎಂಬುದು ಅವರ ವಾದ. 1912ರಲ್ಲಿ ಲೈಪ್‌ಜಿಗ್ ನಗರದ ನ್ಯಾಯಸ್ಥಾನಕ್ಕೆ ಆ ನರ್ನ್ಸ್ಟನೇ ಬಂದು, ತನ್ನನ್ನು ಆಧಾರವಾಗಿ ಹಿಡಿದವರ ವಿರುದ್ಧವಾಗಿ, ಹಾಬರನ ಪರವಾಗಿ ನುಡಿದನು. ಪೇಟೆಂಟು ಉಳಿಯಿತು. ಬಾಡಿಷೆಯವರಿಂದ ನರ್ನ್ಸ್ಟನಿಗೆ ವರ್ಷಾಶನವು ಗೊತ್ತಾಗಿದ್ದಿತೆಂಬುದೂ ಉಂಟು; ಆದುದರಿಂದ ಆ ಸಾಕ್ಷ್ಯವನ್ನು ಹರಿಶ್ಚಂದ್ರನ ಮಾತಿನೊಡನೆ ತೂಗಲಾರೆನು. ಆದರೆ 1907ರ ಮಾತಿಗೆ ಯಾರೂ ಹಣ ಕೊಟ್ಟಿರಲಿಲ್ಲ. ಆ ಕಸುಬಿನಲ್ಲಿ ನುರಿತವರ ಪೈಕಿ ಅಗ್ರಗಣ್ಯನೇ ಇದು ಆಗದು ಎಂದು ಸಭೆಯಲ್ಲಿ ಹೇಳಿದ್ದ ಮೇಲೆ, ಎರಡು ವರ್ಷದಲ್ಲಿ ಆಗಿತೋರಿಸಿದುದನ್ನು ಎಲ್ಲರಿಗೂ ಹೊಳೆಯುವಂತಹುದೆಂದು ಹೇಳುವುದು ಹೇಗೆ?

ಇದನ್ನು ಓದಿ ಮುಗಿಸಿ ನನ್ನ ನಾಲ್ಕು ಪುಟಗಳನ್ನು ಮತ್ತೆ ಕೈಗೆತ್ತಿಕೊಂಡೆನು. ಪ್ರತಿವಾಪ. ಹೋದ ಮಾಘದವರೆಗೆ ಆ ಶಬ್ದದಲ್ಲಿ ನಾನು ಬಿತ್ತನೆಯನ್ನು ಕಂಡಿದ್ದೆನೆ? ವ್ಯಾಖ್ಯಾನಕಾರರಲ್ಲಿ ಯಾರಾದರೂ ಕಂಡಿದ್ದರೆ? ಪ್ರಫುಲ್ಲಚಂದ್ರರು ಕಂಡಿದ್ದರೆ? ಹಳೆಯ ಗಸಿಯನ್ನು ಬೀಜವಾಗಿ ಹಾಕಬೇಕೆಂದು ಕಂಪೆನಿಯವರ ಅರ್ಜಿಯಲ್ಲಿ ಓದಿದ ಮೇಲೆ, ಆ ಬೀಜವನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ಸುಶ್ರುತನ ಹೊಲಕ್ಕೆ ಹೋಗಿದ್ದೆನು. ನಾನೇ ಉದುರಿಸಿ ನಾನೇ ಆರಿಸಿಕೊಂಡು ಬಂದೆನು. ಗ್ರಂಥದಲ್ಲಿ ಹೊರತೆಗೆದು ಹಿಂದಕ್ಕೆ ಸೇರಿಸುವುದು ಕ್ಷಾರೋದಕವನ್ನು, ಅದೂ ಸುಣ್ಣವನ್ನು ಅರೆಯುವುದಕ್ಕಾಗಿ. ಸೋಸಿ ಉಳಿದ ಗಸಿಯನ್ನು ಬೇರ್ಪಡಿಸಬೇಕೆಂದಿದೆಯೇ ಹೊರತು ಮುಂದಿನ ಪಾಕಕ್ಕೆ ಇಟ್ಟುಕೊಳ್ಳಬೇಕೆಂಬ ಮಾತು ಎಲ್ಲಿಯೂ ಇಲ್ಲ. ಕಂಡದ್ದನ್ನು ಬಿಟ್ಟು ಬೇಕಾದದ್ದನ್ನು ಓದುವವನನ್ನು ನಾನು ಪಾಠಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆನು.

ಪಾಠಶಾಲೆಯ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡಬೇಕು. ಇಪ್ಪತ್ತು ವರ್ಷಗಳ ಕೆಳಗೆ ಹತ್ತನೆಯ ತರಗತಿಯಲ್ಲಿ ಒಂದು ತೊಡಕಾದ ಶ್ಲೋಕದ ಅನ್ವಯವು ನನಗೆ ಕೂಡಿಬರಲಿಲ್ಲ. ಎರಡು ವ್ಯಾಖ್ಯಾನಗಳನ್ನು ನೋಡಿಯೂ ತೃಪ್ತಿಯಾಗದೆ, ಏನೋ ಒಂದು ಅರ್ಥವನ್ನು ಹೇಳಿ ಮುಂದಕ್ಕೆ ಹೋಗುತ್ತಿದ್ದೆನು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗನೊಬ್ಬನು ಎದ್ದುನಿಂತು, “ಸಾರ್, ಆ ಶಬ್ದವನ್ನು ಕರ್ತೃವಿಗೆ ಸೇರಿಸದೆ ಕ್ರಿಯೆಗೆ ಸೇರಿಸಿದರೆ?” ಎಂದನು. ಸೇರಿಸಿದೊಡನೆ ಶ್ಲೋಕವೆಲ್ಲವೂ ಬಿಚ್ಚಿಕೊಂಡಿತು. ನಾನು ಏನೆಂದೆನು ಗೊತ್ತೆ? “ಹೂಂ, ಅದರಲ್ಲೇನಿದೆ, ಎಲ್ಲರಿಗೂ ತಿಳಿಯುವಂತಹುದೇ, ಕುಳಿತುಕೋ” ಎಂದೆನು. ಎಲ್ಲರಿಗೂ ತಿಳಿಯುವಂತಹುದಾಗಿದ್ದರೆ ನನಗೆ ಹದಿನಾಲ್ಕು ವರ್ಷಗಳಿಂದ ಏಕೆ ತಿಳಿದಿರಲಿಲ್ಲ? ಮುಂದಿನ ವರ್ಷದಿಂದ ಆ ಅನ್ವಯವನ್ನು ನನ್ನದೇ ಎಂಬಂತೆ ಹೇಳುತ್ತಾ ಬಂದೆನು. ನಾನು ಕದ್ದೆನೆಂದು ನನಗೆ ಆಗ ತೋರಲಿಲ್ಲ. ನನಗೆ ಮೊದಲಿನಿಂದಲೂ ಗೊತ್ತಿದ್ದಿತೆಂದೇ ನಿಜವಾಗಿ ನಂಬಿಬಿಟ್ಟಿದ್ದೆನು. ಆ ಹುಡುಗನು ಆಮೇಲೆ ತರಗತಿಯಲ್ಲಿ ಎದ್ದುನಿಂತ ನೆನಪಿಲ್ಲ.

ನಾಲ್ಕು ಪುಟಗಳನ್ನು ಹರಿದು, ಅರ್ಧ ಪುಟವನ್ನು ಬರೆದೆನು. ಬೂದಿನೀರಿಗೆ ಸುಣ್ಣ ಸೇರಿಸಿ ತೀಕ್ಷ್ಣಗೊಳಿಸುವ ಕ್ರಮವು ಸುಶ್ರುತದಲ್ಲಿ ನಿಸ್ಸಂದೇಹವಾಗಿ ಇದೆ. ಆ ಭಾಗವನ್ನು ತಮ್ಮದೆಂದು ಯಾರೂ ಹೇಳಿಕೊಳ್ಳಲಾರರು. ಹಳೆಯ ಗಸಿಯನ್ನು ಬೀಜವಾಗಿ ಹಾಕುವ ಮಾತು ಇಲ್ಲ. ಪ್ರತಿವಾಪವೆಂಬ ಶಬ್ದವನ್ನು ನೋಡಿ ಯಾರಾದರೂ ಇದೆಯೆಂದರೆ ನಂಬಬೇಡ. ಸುಶ್ರುತದಲ್ಲಿ ಇಲ್ಲವೆಂದ ಮಾತ್ರಕ್ಕೆ ಅದು ನುರಿತವನಿಗೆ ಹೊಳೆಯದೆಂದು ಆಗಲಿಲ್ಲ. ಸಕ್ಕರೆಯವರು ಹರಳು ಕಟ್ಟಿಸಲು ಬೀಜ ಹಾಕುವರೆಂದು ಕೇಳಿರುವೆನು, ಅದು ಇಲ್ಲಿಗೆ ಎಷ್ಟರಮಟ್ಟಿಗೆ ಅನ್ವಯಿಸುವುದೆಂಬುದನ್ನು ನಿಮ್ಮ ಶಾಸ್ತ್ರದವರು ಹೇಳಬೇಕು, ನಾನಲ್ಲ. ಇಷ್ಟು ಬರೆದು, ಕೊನೆಗೆ ತಡೆಯಲಾರದೆ ಒಂದು ಪ್ರಶ್ನೆಯನ್ನು ಸೇರಿಸಿದೆನು: ಇದು ಅಷ್ಟು ಸುಲಭವಾಗಿದ್ದರೆ ನೀವು ಇಷ್ಟು ವರ್ಷ ಏಕೆ ಮಾಡಲಿಲ್ಲ?

ಕಾಗದವು ತಲಪಿದ ದಿನ ಅವನು ಫೋನು ಮಾಡಿ, “ಮಾವ, ಇಷ್ಟನ್ನು ಬರೆಯಲು ನಿಮಗೆ ಮೂರು ವಾರ ಬೇಕಾಯಿತೆ?” ಎಂದನು. ದನಿಯಲ್ಲಿ ಬೇಸರವಿದ್ದಿತು. ತಂಗಿಯು ಹದಿನೈದು ದಿನ ನಮ್ಮ ಮನೆಯ ಕಡೆಗೆ ಬರಲಿಲ್ಲ. ಹುಡುಗನ ಅನ್ನದ ಪ್ರಶ್ನೆಯಲ್ಲಿ ಸೋದರಮಾವನಿಗೆ ವ್ಯಾಕರಣವು ಹೆಚ್ಚಾಯಿತೆ ಎಂದು ನನ್ನಾಕೆಯ ಬಳಿ ಕೇಳಿದಳಂತೆ. ನ್ಯಾಯವಾದ ಪ್ರಶ್ನೆ, ನನ್ನ ಬಳಿ ಉತ್ತರವಿರಲಿಲ್ಲ.

ಯುಗಾದಿಗೆ ತಾಯಿ ಮಗ ಇಬ್ಬರೂ ಬಂದರು. ಅವರ ಕಾರ್ಖಾನೆಯವರು ರಸಾಯನದ ಹಳೆಯ ಪುಸ್ತಕಗಳನ್ನು ಆಧಾರವಾಗಿಟ್ಟುಕೊಂಡು ವಿರೋಧವನ್ನು ಸಲ್ಲಿಸಿರುವರಂತೆ. ವಿಚಾರಣೆಯು ಇನ್ನೂ ಆಗಬೇಕು. ಬೇವುಬೆಲ್ಲವಾದ ಮೇಲೆ ಹುಡುಗನು ನನ್ನ ಕೋಣೆಗೆ ಬಂದು, “ಆ ಪುಟ ತೋರಿಸಿ ಮಾವ” ಎಂದನು. ಸುಶ್ರುತವನ್ನು ಬಿಡಿಸಿಕೊಟ್ಟೆನು. ಅವನಿಗೆ ಸಂಸ್ಕೃತ ಬಾರದು. ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಪ್ರತಿವಾಪವೆಂ‌ಬುದನ್ನು ಒಂದೊಂದೇ ಅಕ್ಷರವಾಗಿ ಓದಿದನು. ಆಮೇಲೆ, ಪುಸ್ತಕದಿಂದ ಕಣ್ಣೆತ್ತದೆಯೇ, “ಹೋದ ವಾರ ಒಂದು ಗಾಜಿನ ಪಾತ್ರೆಯಲ್ಲಿ ಮಾಡಿ ನೋಡಿದೆ ಮಾವ. ಎರಡು ಗಂಟೆಯಲ್ಲಿ ತಿಳಿಯಾಯಿತು. ಆ ಗಸಿಯನ್ನು ನಾನು ಆರು ವರ್ಷ ದಿನವೂ ಹೊರಕ್ಕೆ ಸುರಿಸಿದ್ದೇನೆ” ಎಂದನು.

ಎಲೆ ಹಾಕಿ ಆಗಿದೆಯೆಂದು ಒಳಗಿನಿಂದ ತಂಗಿಯು ಕೂಗಿದಳು.